ತಲೆ ಕಳೆದುಕೊಂಡ ನಾಡಿ ಪೆಟ್ಟಿಗೆ

ಬೋರ್ಡಪ್ಪನ ಅಂಗಡಿಯ ಕಂಪ್ಯೂಟರು ಎಷ್ಟು ಹಳೆಯದೆಂದರೆ, ಬೆಳಿಗ್ಗೆ ಅದರ ಗುಂಡಿ ಒತ್ತಿ, ಎದುರು ಬೀದಿಗೆ ಹೋಗಿ ಚಹಾ ಕುಡಿದು, ಚಹಾದಂಗಡಿಯವನ ಮೂರು ತಲೆಮಾರಿನ ಕಷ್ಟಸುಖ ಕೇಳಿ, ಸಮಾಧಾನ ಹೇಳಿ ವಾಪಸು ಬಂದರೂ ಅದಿನ್ನೂ ಕಣ್ಣುಜ್ಜಿಕೊಳ್ಳುತ್ತಾ ಕೂತಿರುತ್ತಿತ್ತು. ಅದರ ಫ್ಯಾನು ತಿರುಗುವ ಸದ್ದಿಗೆ ಬೀದಿಯ ಕೊನೆಯ ಮನೆಯ ಮಗು ಎದ್ದು ಅಳುತ್ತಿತ್ತು. ಫ್ಯಾನು ನಿಂತರೆ, ಇದೇನು ಸದ್ದೇ ಇಲ್ಲವಲ್ಲ ಎಂದು ಗಾಬರಿಯಾಗಿ ಇನ್ನೊಂದು ಸುತ್ತು ಅಳುತ್ತಿತ್ತು. ಜಗತ್ತಿನಲ್ಲಿ ಅಂಥ ಕಂಪ್ಯೂಟರು ಇನ್ನೊಂದಿಲ್ಲ ಎಂದು ಬೋರ್ಡಪ್ಪ ಎದೆ ತಟ್ಟಿ ಹೇಳುತ್ತಿದ್ದ. ಮಾತು ಸುಳ್ಳಲ್ಲ. ಅದರ ಅಣ್ಣತಮ್ಮಂದಿರೆಲ್ಲ ಗುಜರಿಗೆ ಹೋಗಿ ಒಂದು ಯುಗವೇ ಕಳೆದಿತ್ತು.

ಅವನಿಗೆ ಬೋರ್ಡಪ್ಪ ಎಂದು ಹೆಸರಿಟ್ಟವರು ಯಾರೋ, ಹೆತ್ತವರಂತೂ ಅಲ್ಲ. ಅಂಗಡಿಗಳ ಬೋರ್ಡು ಬರೆಯುವುದು ಅವನ ಕಸುಬು. ಆ ಪೇಟೆಯಲ್ಲಿ ತಲೆಯೆತ್ತಿ ನಡೆದರೆ ಅವನ ಅಕ್ಷರ, ತಲೆ ತಗ್ಗಿಸಿ ನಡೆದರೆ ಅವನು ಚೆಲ್ಲಿದ ಬಣ್ಣ. ಹರೆಯದಲ್ಲಿ ಅವನು ಬರಿಗೈಯಲ್ಲಿ ಎಳೆಯುತ್ತಿದ್ದ ನೇರ ಗೆರೆಯನ್ನು ನೋಡಲು ಬಡಗಿಗಳು ಉಳಿ ಕೆಳಗಿಟ್ಟು ಬರುತ್ತಿದ್ದರು, ಹೋಗುವಾಗ ತಮ್ಮ ಅಡಿಪಟ್ಟಿಗಳನ್ನು ಬಾಯಿಗೆ ಬಂದಂತೆ ಬಯ್ಯುತ್ತಿದ್ದರು.

ಅದೆಲ್ಲ ಅವನಿಗೆ ಬಂದದ್ದು ಮೇಷ್ಟ್ರಿಂದ. ಮೇಷ್ಟ್ರೆಂದರೆ ಶಾಲೆಯ ಮೇಷ್ಟ್ರಲ್ಲ, ಬ್ರಷ್ಷಿನ ಮೇಷ್ಟ್ರು. ಆ ಮಹಾನುಭಾವರು ಬರೆದ ಅಕ್ಷರಗಳು ಹೊಟ್ಟೆ ತುಂಬ ಉಂಡು ಜಗಲಿಯ ಮೇಲೆ ಕೂತ ಮನುಷ್ಯರ ಹಾಗೆ ದುಂಡಗೆ, ಸುಖವಾಗಿ ಇರುತ್ತಿದ್ದವು. ಅವುಗಳ ಬಾಲ ಮಾತ್ರ ಈಗ ನೆಗೆಯುವ ಬೆಕ್ಕಿನ ಬಾಲ. ಬೋರ್ಡು ಮುಗಿದ ಮೇಲೆ ಕೆಳಗಿನ ಮೂಲೆಯಲ್ಲಿ ಒಂದೇ ಉಸಿರಿಗೆ ಒಂದು ಅಲೆ ಎಳೆಯುತ್ತಿದ್ದರು. ದಪ್ಪದಿಂದ ತೆಳ್ಳಗಾಗುತ್ತಾ ಹೋಗಿ ಗಾಳಿಯಲ್ಲಿ ಕರಗುವ ಗೆರೆ. ಹೆಸರು ಬರೆಯುತ್ತಿರಲಿಲ್ಲ. ಆ ಅಲೆಯೇ ಅವರ ಸಹಿ.

ಮಾತಿನಲ್ಲಿ ಅವರು ಕಲಿಸಿದ್ದು ಒಂದೇ ಒಂದು ವಾಕ್ಯ. "ಅದ್ದು, ಅಂಚಿಗೆ ಎರಡು ತಟ್ಟು, ಆಮೇಲೆ ಉಸಿರು ಹಿಡಿದು ಎಳಿ." ಬ್ರಷ್ಷನ್ನು ಬಣ್ಣದಲ್ಲಿ ಅದ್ದಿ, ಡಬ್ಬಿಯ ಅಂಚಿಗೆ ಟಕ್ ಟಕ್ ಎಂದು ಎರಡು ಬಾರಿ ತಟ್ಟಿದರೆ ಹೆಚ್ಚಿನ ಬಣ್ಣ ಒಳಗೇ ಇಳಿಯುತ್ತದೆ. ತಟ್ಟದೆ ಎಳೆದರೆ ಅಕ್ಷರಕ್ಕೆ ಮೂಗು ಸೋರುತ್ತದೆ. ಈ ತಟ್ಟುವುದನ್ನು ಕಲಿಯಲೆಂದೇ ಮೇಷ್ಟ್ರು ಅವನ ಕೈಗೆ ಒಣ ಬ್ರಷ್ಷನ್ನೂ ಖಾಲಿ ಡಬ್ಬಿಯನ್ನೂ ಕೊಟ್ಟು ಒಂದು ಇಡೀ ಬೇಸಿಗೆ ಕೂರಿಸಿದ್ದರು. ಬೇಸಿಗೆ ಮುಗಿಯುವ ಹೊತ್ತಿಗೆ ಅವನು ಊಟದ ಚಮಚವನ್ನೂ ಬಟ್ಟಲಿನ ಅಂಚಿಗೆ ಎರಡು ತಟ್ಟದೆ ಬಾಯಿಗಿಡುತ್ತಿರಲಿಲ್ಲ. ನಿದ್ದೆಯಲ್ಲೂ ಮಂಚದ ಅಂಚಿಗೆ ಟಕ್ ಟಕ್. ಅವನ ಹೆಂಡತಿ ಮದುವೆಯಾದ ಹೊಸತರಲ್ಲಿ ಬಾಗಿಲು ಯಾರೋ ತಟ್ಟುತ್ತಿದ್ದಾರೆಂದು ಎದ್ದು ಹೋಗಿ ಚಿಲಕ ತೆಗೆದು ನೋಡುತ್ತಿದ್ದಳು.

ಆ ಮದುವೆಯಾದದ್ದೂ ಈ ಟಕ್ ಟಕ್ಕಿನಿಂದಲೇ. ಅವಳಪ್ಪನದು ಬೀಗ ರಿಪೇರಿಯ ಅಂಗಡಿ. ಅದರ ಬೋರ್ಡು ಬರೆಯಲು ಬೋರ್ಡಪ್ಪ ಏಣಿ ಹತ್ತಿದ. ಏಣಿಯಿಂದ ನೋಡಿದರೆ ಒಳಗೆ ಕೀಲಿಕೈಯನ್ನು ಅರದಿಂದ ಉಜ್ಜುತ್ತಾ ಕೂತ ಹುಡುಗಿ ಕಾಣುತ್ತಿದ್ದಳು. ಗಂಟೆ ಹೊತ್ತಿನ ಕೆಲಸವನ್ನು ಅವನು ಎಷ್ಟು ದಿನ ಎಳೆದನೆಂದರೆ, ಏಣಿಯ ಕಾಲಿಗೆ ಬಳ್ಳಿ ಹಬ್ಬಿತು, ಅದರಲ್ಲಿ ಹೂವೂ ಬಿಟ್ಟಿತು. ಕೊನೆಗೆ ಅವಳಪ್ಪನೇ ಹೊರಗೆ ಬಂದು, "ಏನಪ್ಪಾ, ಬಣ್ಣಕ್ಕಿಂತ ಜಾಸ್ತಿ ತಟ್ಟೋ ಸದ್ದೇ ಕೇಳಿಸ್ತಿದೆ. ಮುಗಿಸ್ತೀಯೋ, ಇಲ್ಲ ಇಲ್ಲೇ ಸಂಸಾರ ಹೂಡ್ತೀಯೋ?" ಎಂದರು. "ಎರಡನೇದು" ಎಂದುಬಿಟ್ಟ ಬೋರ್ಡಪ್ಪ.

ಮೇಷ್ಟ್ರು ತೀರಿಕೊಂಡರು. ಕೆಲವು ವರ್ಷಕ್ಕೆ ಬೋರ್ಡಪ್ಪನ ಬಲಗೈ ನಡುಗತೊಡಗಿತು. ಮೊದಮೊದಲು ಅದನ್ನು ಅವನು ಹೊಸ ಫ್ಯಾಷನ್ ಎಂದು ಗಿರಾಕಿಗಳಿಗೆ ನಂಬಿಸಿದ. ಆಮೇಲೆ ಗೆರೆಗಳು ದಾರಿ ತಪ್ಪಿದ ಇರುವೆ ಸಾಲಿನಂತಾದಾಗ ಯಾರೂ ನಂಬಲಿಲ್ಲ, ಅವನೂ ನಂಬಲಿಲ್ಲ. ಬ್ರಷ್ಷನ್ನು ತೊಳೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟ. ಆಗ ಅವನ ಹೆಂಡತಿಯ ತಮ್ಮ, ಕಂಪ್ಯೂಟರ್ ರಿಪೇರಿಯ ಭಾವಮೈದ, ಈ ಕಂಪ್ಯೂಟರನ್ನೂ ಅದರ ಜೊತೆಗೆ ಬಣ್ಣದ ಸ್ಟಿಕರ್ ಹಾಳೆಯನ್ನು ಚಾಕುವಿನಿಂದ ಅಕ್ಷರದ ಆಕಾರಕ್ಕೆ ಕತ್ತರಿಸುವ ಒಂದು ಯಂತ್ರವನ್ನೂ ಗಾಡಿಯಲ್ಲಿ ಹೇರಿಕೊಂಡು ಬಂದಿಳಿಸಿದ.

ಬೋರ್ಡಪ್ಪ ಪೇಟೆಯಲ್ಲಿ ಉಳಿದಿದ್ದ ಮೇಷ್ಟ್ರ ಬೋರ್ಡುಗಳ ಮೇಲೆಲ್ಲ ತೆಳು ಕಾಗದ ಹಾಸಿ ಅಕ್ಷರಗಳ ಪಡಿಯಚ್ಚು ತೆಗೆದ. ಅವನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿದ. ಮೌಸಿನಲ್ಲಿ ಕೈ ನಡುಗಿದರೂ ಚಿಂತೆಯಿಲ್ಲ, ಗೆರೆಯ ಚುಕ್ಕಿಗಳನ್ನು ಕಿವಿ ಹಿಡಿದು ಎಳೆತಂದು ಕೂರಿಸಬಹುದಿತ್ತು. ಒಂದು ಅಕ್ಷರದ ಹೊಟ್ಟೆ ಸರಿಯಾಗುವಷ್ಟರಲ್ಲಿ ಅವನ ಹೊಟ್ಟೆ ಒಳಗೆ ಹೋಗುತ್ತಿತ್ತು. ಹೀಗೆ ಎಲ್ಲ ಅಕ್ಷರ ಇಳಿಸಿದ. ಆ ಅಲೆಯೊಂದನ್ನು ಬಿಟ್ಟು.

"ಅದನ್ನೂ ಹಾಕಿ ಭಾವ" ಎಂದಿದ್ದ ಭಾವಮೈದ.

"ಅದು ಅಕ್ಷರ ಅಲ್ಲ ಕಣೋ, ಸಹಿ. ಮೇಷ್ಟ್ರ ಸಹಿ ಹಾಕೋಕೆ ನಾನ್ಯಾರು?"

ಯಂತ್ರಕ್ಕೆ ಒಂದು ಚಾಳಿಯಿತ್ತು. ಕತ್ತರಿಸುವ ನಡುವೆ ಕಂಪ್ಯೂಟರು ಬೇರಾವುದೋ ಕೆಲಸ ನೆನಪಾಗಿ ಒಂದು ಗಳಿಗೆ ಆ ಕಡೆ ತಿರುಗಿದರೆ ಸಾಕು, ಚಾಕು ಅಕ್ಷರದ ಮಧ್ಯೆ ನಿಂತುಬಿಡುತ್ತಿತ್ತು. ಮತ್ತೆ ಹೊರಟಾಗ ದಾರಿ ಮರೆತು, ಈ ಅಕ್ಷರದ ಹೊಟ್ಟೆ ಸೀಳಿ, ಪಕ್ಕದ ಅಕ್ಷರದ ಬಾಲ ಕಡಿದು, ರಣರಂಗ ಮಾಡಿಡುತ್ತಿತ್ತು. ಇದಕ್ಕೆ ಭಾವಮೈದ ಹೇಳಿಕೊಟ್ಟ ಮದ್ದು ಟಾಸ್ಕ್ ಮ್ಯಾನೇಜರ್ ಎಂಬ ಪುಟ್ಟ ಕಿಟಕಿ. ಕಂಪ್ಯೂಟರಿನ ಹೊಟ್ಟೆಯೊಳಗೆ ಏನೇನು ನಡೆದಿದೆ ಎಂದು ಅದು ತೋರಿಸುತ್ತದೆ. ಮೇಲೆ ಕಿಟಕಿಯ ಹೆಸರು ಬರೆದ ಅಡ್ಡಪಟ್ಟಿ, ಅದರ ಕೆಳಗೆ ಒತ್ತುವ ಸಣ್ಣ ಸಣ್ಣ ಚೀಟಿಗಳು. ಒಂದು ಚೀಟಿ ಒತ್ತಿದರೆ ತೆರೆದಿರುವ ಕೆಲಸಗಳ ಪಟ್ಟಿ. ಇನ್ನೊಂದು ಒತ್ತಿದರೆ ಕಪ್ಪು ಹಲಗೆಯ ಮೇಲೆ ಓಡುವ ಹಸಿರು ಗೆರೆ. ಕಂಪ್ಯೂಟರು ಒದ್ದಾಡುತ್ತಿದ್ದರೆ ಗೆರೆ ಬೆಟ್ಟ ಹತ್ತುತ್ತದೆ, ಆರಾಮಾಗಿದ್ದರೆ ಚಾಪೆ ಹಾಸಿ ಮಲಗುತ್ತದೆ. ಗೆರೆ ಮಲಗಿದ ಹೊತ್ತು ನೋಡಿ ಕತ್ತರಿಸಲು ಅಪ್ಪಣೆ ಕೊಟ್ಟರೆ ಚಾಕು ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ. ಬೋರ್ಡಪ್ಪ ಅದಕ್ಕೆ ನಾಡಿ ಪೆಟ್ಟಿಗೆ ಎಂದು ಹೆಸರಿಟ್ಟ. ನಾಡಿ ನೋಡದೆ ಅವನು ಒಂದು ಚುಕ್ಕಿಯನ್ನೂ ಕತ್ತರಿಸಿದವನಲ್ಲ. ಅಪ್ಪಣೆ ಕೊಡುವ ಮುಂಚೆ ಕಣ್ಣು ಕಿರಿದು ಮಾಡಿ ಹಸಿರು ಗೆರೆ ನೋಡುತ್ತಾ ಕೂತರೆ ಯಾವ ದೊಡ್ಡ ಡಾಕ್ಟರೂ ಅವನೆದುರು ಸ್ಟೆಥಾಸ್ಕೋಪು ಬಚ್ಚಿಟ್ಟುಕೊಳ್ಳಬೇಕು, ಹಾಗೆ.

ಇಂಥ ನಾಡಿ ಪೆಟ್ಟಿಗೆ ಕೈಕೊಟ್ಟದ್ದು ಕತ್ತರಿಯಣ್ಣನ ಬೋರ್ಡಿನ ದಿನ.

ಕತ್ತರಿಯಣ್ಣನದು ಕಟಿಂಗ್ ಅಂಗಡಿ. ಪೇಟೆಯ ಅರ್ಧ ತಲೆಗಳನ್ನು ಅವನೇ ಬೆಳೆಸಿದ್ದು ಎಂದು ಹೇಳಿಕೊಳ್ಳುತ್ತಿದ್ದ, ಕತ್ತರಿಸುವವನಾದರೂ. ಅವನ ಹಳೆಯ ಕಟ್ಟಡ ಕೆಡವಿದ್ದರಿಂದ ಎದುರು ಸಾಲಿನಲ್ಲಿ ಹೊಸ ಮಳಿಗೆ ಹಿಡಿದಿದ್ದ. ಮರುದಿನ ಬೆಳಿಗ್ಗೆ ಅಂಗಡಿ ತೆರೆಯಬೇಕು. ಹಳೆಯ ಬೋರ್ಡು ಮೇಷ್ಟ್ರು ಬರೆದದ್ದು. ಕೆಳಗಿಳಿಸುವಾಗ ತುಕ್ಕು ತಿಂದ ತಗಡು ಹಪ್ಪಳದಂತೆ ಮುರಿದು ಬಿದ್ದಿತ್ತು. ಪೇಟೆಯಲ್ಲಿ ಉಳಿದಿದ್ದ ಮೇಷ್ಟ್ರ ಕೊನೆಯ ಬೋರ್ಡು ಅದು. ಈಗ ಆ ಅಕ್ಷರಗಳು ಇರುವುದು ಬೋರ್ಡಪ್ಪನ ಕಂಪ್ಯೂಟರಿನೊಳಗೆ ಮಾತ್ರ. ಹಳೆಯ ಬೋರ್ಡಿನ ಅದೇ ಕೆಂಪು ಬಣ್ಣದ ಸ್ಟಿಕರ್ ರೋಲಿನಲ್ಲಿ ಉಳಿದದ್ದೂ ಒಂದೇ ಬೋರ್ಡಿಗಾಗುವಷ್ಟು.

"ನೋಡು ಬೋರ್ಡಪ್ಪ," ಕತ್ತರಿಯಣ್ಣ ಬಿಳಿ ಬಳಿದ ಹೊಸ ತಗಡನ್ನು ಮೇಜಿಗೆ ಒರಗಿಸಿ ಹೇಳಿದ, "ನನ್ನ ಗಿರಾಕಿಗಳು ಓದೋರಲ್ಲ, ಆ ಅಕ್ಷರದ ಹೊಟ್ಟೆ ನೋಡ್ಕೊಂಡು ಒಳಗೆ ಬರೋರು. ಅದೇ ಅಕ್ಷರ ಬೇಕು. ಸಂಜೆಯೊಳಗೆ ಆಗ್ಲಿಲ್ಲ ಅಂದ್ರೆ ಹೇಳ್ಬಿಡು, ಆ ಫ್ಲೆಕ್ಸ್‌ನವನು ನನ್ನ ಫೋಟೋನೂ ಸೇರಿಸಿ ಪ್ರಿಂಟ್ ಮಾಡಿ ಇಟ್ಕೊಂಡು ಕಾಯ್ತಾ ಇದಾನೆ."

"ನಿನ್ನ ಫೋಟೋ ಹಾಕಿದ್ರೆ ಇರೋ ಗಿರಾಕೀನೂ ಓಡಿಹೋಗ್ತಾರೆ. ಕೂತ್ಕೋ. ಚಹಾ ಆರೋದ್ರೊಳಗೆ ಅಕ್ಷರ ಕೈಗೆ ಕೊಡ್ತೀನಿ."

ಹಿಂದಿನ ಸಂಜೆ ಕರೆಂಟು ಹೋಗಿ ಬಂದಿತ್ತು. ದಿನಾ ಪರದೆಯ ಕೆಳಮೂಲೆಯಲ್ಲಿ ಬಾಲ ಮಡಚಿ ಕೂರುತ್ತಿದ್ದ ನಾಡಿ ಪೆಟ್ಟಿಗೆ ಅವತ್ತು ಜಾಗ ತಪ್ಪಿ, ಕತ್ತರಿಸುವ ಕೆಲಸದ ಕಿಟಕಿಯ ಅಂಚಿನ ಮೇಲೆ ಒರಗಿಕೊಂಡು ತೆರೆಯಿತು. ಅದೂ ಹಸಿರು ಗೆರೆಯ ಬದಲು ಕೆಲಸಗಳ ಪಟ್ಟಿ ತೋರಿಸುತ್ತಿತ್ತು. ಬೋರ್ಡಪ್ಪ ಅಕ್ಷರಗಳನ್ನು ಸಾಲಿಗೆ ಕೂರಿಸಿದ, ಕನ್ನಡಕ ಏರಿಸಿದ, ಟಕ್ ಟಕ್ ಎಂದು ಮೌಸ್ ಒತ್ತಿದ, ಉಸಿರು ಹಿಡಿದ. ನಾಡಿ ಪೆಟ್ಟಿಗೆಯ ತಲೆ ಹಾರಿಹೋಯಿತು.

ಹೆಸರಿನ ಅಡ್ಡಪಟ್ಟಿ ಇಲ್ಲ. ಚೀಟಿಗಳಿಲ್ಲ. ಮುಚ್ಚುವ ಗುಂಡಿಯೂ ಇಲ್ಲ. ಬರೀ ಕೆಲಸಗಳ ಪಟ್ಟಿ, ಮುಂಡದಂತೆ, ಪರದೆಯ ನಡುವೆ ಕೂತಿತ್ತು. ಚೀಟಿಯೇ ಇಲ್ಲವೆಂದ ಮೇಲೆ ಹಸಿರು ಗೆರೆಗೆ ಹೋಗುವುದು ಹೇಗೆ?

ಬೋರ್ಡಪ್ಪನಿಗೆ ಕಿವಿಯಲ್ಲಿ ಗಾಳಿ ಹೊಕ್ಕಂತಾಯಿತು. ಕಂಪ್ಯೂಟರು ಆರಿಸಿದ. ಹೊತ್ತಿಸಿದ. ಚಹಾ ಆರಿತು, ಇನ್ನೊಂದು ಬಂತು, ಅದೂ ಆರಿತು. ಕಂಪ್ಯೂಟರು ಎದ್ದು ಕೂತಾಗ ನಾಡಿ ಪೆಟ್ಟಿಗೆ ಮತ್ತೆ ತಲೆಯಿಲ್ಲದೆಯೇ ಎದ್ದು ಬಂತು.

"ಏನಾಯ್ತೋ?"

"ತಲೆ ಹೋಯ್ತು."

"ಯಾರ್ದು?" ಕತ್ತರಿಯಣ್ಣ ತನ್ನ ತಲೆ ಮುಟ್ಟಿಕೊಂಡ.

"ಸುಮ್ನೆ ದೇವರ ಹೆಸರು ಹೇಳ್ಕೊಂಡು ಕತ್ತರಿಸಿಬಿಡು, ಅದೇನು ನಾಡಿ ನೋಡೋದು" ಎಂದು ಅವನು ಸಲಹೆಯನ್ನೂ ಕೊಟ್ಟ. ಬೋರ್ಡಪ್ಪ ಅವನನ್ನು ನೋಡಿದ ನೋಟಕ್ಕೆ ಗೋಡೆಯ ಸುಣ್ಣ ಉದುರಿತು. ಇರುವುದು ಒಂದೇ ಬೋರ್ಡಿಗಾಗುವ ಕೆಂಪು. ಚಾಕು ನಡುವೆ ನಿಂತರೆ ಮುಗಿಯಿತು. ಹೀಗಾಗಿ ಫೋನು ಹೋಯಿತು, ಭಾವಮೈದ ಬಂದ.

ಈಗ ಭಾವಮೈದನದು ಮೊಬೈಲ್ ಅಂಗಡಿ. ಹಳೆಯ ಕಂಪ್ಯೂಟರುಗಳನ್ನು ಮುಟ್ಟುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಹಿಂದೆ ಒಂದು ಕಾಲವಿತ್ತು. ಅವನು ಸ್ಕ್ರೂಡ್ರೈವರ್ ಹಿಡಿದು ಬೀದಿಯಲ್ಲಿ ನಡೆದರೆ ಕೆಟ್ಟ ಕಂಪ್ಯೂಟರುಗಳು ಹೆದರಿ ತಾವಾಗಿಯೇ ಸರಿಯಾಗುತ್ತಿದ್ದವು. ಅವನು ಪರದೆಯ ಮುಂದೆ ಬಗ್ಗಿ, ನಾಲಗೆಯಿಂದ ಲೊಚಗುಟ್ಟಿದ.

"ಭಾವ, ನೀವಿನ್ನೂ ಇದನ್ನ ಓಡಿಸ್ತಾ ಇದೀರಾ? ಇದನ್ನ ನಾನು ತಂದಾಗ ನನಗೆ ಮೀಸೆ ಬಂದಿರ್ಲಿಲ್ಲ."

"ಈಗ್ಲೂ ಏನ್ ಬಂದಿದೆ ಅಂತ!" ಒಳಗಿನಿಂದ ಅವನಕ್ಕ, ಬೋರ್ಡಪ್ಪನ ಹೆಂಡತಿ, ಕೂಗಿದಳು. ಕತ್ತರಿಸಿದ ಸ್ಟಿಕರಿನಲ್ಲಿ ಬೇಡದ ಭಾಗವನ್ನು ಸೂಜಿಯಿಂದ ಎಬ್ಬಿಸಿ ತೆಗೆಯುವುದು ಅವಳ ಕೆಲಸ. ಸೂಜಿ ಹಿಡಿದು ಬೆಳಿಗ್ಗೆಯಿಂದ ಕಾದು ಕೂತಿದ್ದಳು.

ಭಾವಮೈದ ಮುಂಡದ ಮೇಲೆಲ್ಲ ಒತ್ತಿದ. ಬಲಗುಂಡಿ ಒತ್ತಿದ, ಎಡಗುಂಡಿ ಒತ್ತಿದ, ಕೀಬೋರ್ಡಿನಲ್ಲಿ ಇರುವ ಬೆರಳು ಸಾಲದೆ ಮೊಣಕೈಯಿಂದಲೂ ಒತ್ತಿದ. ತಲೆ ಬರಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಹೇಳಿದ, "ವೈರಸ್ ಇರ್ಬೇಕು ಭಾವ. ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬೇಕು. ಫಾರ್ಮ್ಯಾಟ್ ಮಾಡೋದೇ."

"ಅಕ್ಷರ?"

"ಅದೂ ಹೋಗತ್ತೆ."

"ಬೇರೆ ಕಡೆ ತೆಗೆದಿಟ್ಕೊಂಡ್ರೆ?"

"ಪೆನ್‌ಡ್ರೈವ್ ಹಾಕೋ ಜಾಗ ಎರಡೂ ಸತ್ತಿವೆ. ಒಂದು ವೇಳೆ ತೆಗೆದ್ರೂ, ಈ ಕತ್ತರಿಸೋ ಸಾಫ್ಟ್‌ವೇರ್ ಬಿಟ್ರೆ ಬೇರೆ ಯಾವುದೂ ಆ ಫೈಲ್ ತೆರೆಯಲ್ಲ. ಆ ಕಂಪನಿ ಮುಚ್ಚಿ ಯಾವ ಕಾಲ ಆಯ್ತು. ಇದರ ಸಿ.ಡಿ. ಇದೆಯಾ?"

ಸಿ.ಡಿ.ಯನ್ನು ಬೋರ್ಡಪ್ಪ ಟೊಮೇಟೊ ಗಿಡಕ್ಕೆ ಹಕ್ಕಿ ಬಾರದಿರಲೆಂದು ಕಟ್ಟಿದ್ದ. ಆ ಗಿಡವೂ ಈಗಿರಲಿಲ್ಲ.

ಬೋರ್ಡಪ್ಪ, ಕತ್ತರಿಯಣ್ಣ ಜೊತೆಗೆ ತಂದು ಗೋಡೆಗೊರಗಿಸಿದ್ದ ಹಳೆಯ ಬೋರ್ಡಿನ ಮುರಿದ ತಗಡಿನ ಕಡೆ ನೋಡಿದ. ಅರ್ಧ ಅಕ್ಷರವೊಂದು ಅದರಲ್ಲಿ ಉಳಿದಿತ್ತು, ಬೆಕ್ಕಿನ ಬಾಲದ ಹಾಗಿನ ಅದರ ಬಾಲ. ಆ ಬೋರ್ಡು ಬರೆದ ದಿನ ಡಬ್ಬಿ ಹಿಡಿದು ಏಣಿಯ ಕೆಳಗೆ ನಿಂತಿದ್ದವನು ಅವನೇ. ಮೇಲಿನಿಂದ ಮೇಷ್ಟ್ರು ಬ್ರಷ್ಷನ್ನು ಕೆಳಗೆ ಚಾಚುತ್ತಿದ್ದರು, ನೋಡದೆಯೇ. ಇವನು ಡಬ್ಬಿಯನ್ನು ಸರಿಯಾದ ಎತ್ತರಕ್ಕೆ ಎತ್ತುತ್ತಿದ್ದ, ಹೇಳಿಸಿಕೊಳ್ಳದೆಯೇ. ಟಕ್ ಟಕ್. ಇಡೀ ಮಧ್ಯಾಹ್ನ ಒಂದು ಮಾತಿಲ್ಲ. ಕೆಳಗಿಳಿದ ಮೇಷ್ಟ್ರು ಬೋರ್ಡನ್ನು ನೋಡಲಿಲ್ಲ, ಇವನನ್ನು ನೋಡಿ, "ಕೈ ನೋವಾಯ್ತೇನೋ?" ಎಂದಿದ್ದರು. ಅಷ್ಟೇ. ಆ ಅಷ್ಟನ್ನೇ ಅವನು ಪೇಟೆಯಲ್ಲಿ ವರ್ಷಗಟ್ಟಲೆ, ಮೇಷ್ಟ್ರು ತನ್ನನ್ನು ಅಪ್ಪಿಕೊಂಡು ಗಳಗಳ ಅತ್ತರು ಎಂದು ಹೇಳಿಕೊಂಡು ತಿರುಗಿದ್ದ.

"ಅಳಿಸೋದು ಬೇಡ" ಎಂದ ಬೋರ್ಡಪ್ಪ.

"ಭಾವ, ಹೀಗೇ ಇಟ್ಕೊಂಡು ಏನ್ ಮಾಡ್ತೀರಾ? ಆರತಿ ಎತ್ತುತ್ತೀರಾ?"

"ಏನಾದ್ರೂ ಮಾಡ್ತೀನಿ, ಅಳಿಸೋದು ಬೇಡ. ಲೇ ಇವಳೇ, ಅಟ್ಟದ ಮೇಲಿರೋ ಬ್ರಷ್ ಇಳಿಸು."

ಅವನ ಹೆಂಡತಿ ಸೂಜಿ ಕೆಳಗಿಟ್ಟಳು. ಅವನ ಕೈ ನೋಡಿದಳು. ಕೈ ಆಗಲೇ ನಡುಗುತ್ತಿತ್ತು. ಸ್ಟೂಲಿನ ಮೇಲೆ ಹತ್ತಿ ಬಟ್ಟೆಯ ಸುರುಳಿಯನ್ನು ಇಳಿಸಿ ತಂದಳು. ಬಿಚ್ಚಿದಾಗ ಬ್ರಷ್ಷು ತೊಳೆಯುವ ಟರ್ಪೆಂಟೈನಿನ ವಾಸನೆ ಬಂತು. ಅಷ್ಟು ವರ್ಷವಾದ ಮೇಲೂ ಬರುವುದುಂಟೇ? ಬಂತು. ಅಂಗಡಿ ತುಂಬ ಬಂತು, ಬೀದಿಗೂ ಹೋಯಿತು, ಚಹಾದಂಗಡಿಯವನು ಮೂಗರಳಿಸಿ, "ಬೋರ್ಡಪ್ಪ ಮತ್ತೆ ಏಣಿ ಹತ್ತಿದ್ನಾ?" ಎಂದು ಗಿರಾಕಿಗಳನ್ನು ಕೇಳಿದನಂತೆ.

ಕತ್ತರಿಯಣ್ಣ ಒಂದು ಹೆಜ್ಜೆ ಮುಂದೆ ಬಂದ. "ಬೋರ್ಡಪ್ಪ, ಇರೋದು ಇದೊಂದೇ ತಗಡು ಮಾರಾಯ. ಬೆಳಿಗ್ಗೆ..."

"ಗೊತ್ತು."

ಕೆಂಪು ಎನಾಮೆಲ್ ಬಣ್ಣದ ಡಬ್ಬಿಯ ಮುಚ್ಚಳವನ್ನು ಸ್ಕ್ರೂಡ್ರೈವರಿನಿಂದ ಮೀಟಿದ. ಕಡ್ಡಿಯಲ್ಲಿ ಕಲಕಿದ. ಬಿಳಿ ತಗಡಿನ ಮುಂದೆ ಮಂಡಿಯೂರಿ ಕೂತ. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಬ್ರಷ್ಷನ್ನು ಅದ್ದಿದ. ಡಬ್ಬಿಯ ಅಂಚಿಗೆ ತಟ್ಟಿದ.

ಟಕ್ ಟಕ್.

"ತಡೀರಿ!" ಅವನ ಹೆಂಡತಿ ಕೂಗಿದ ಕೂಗಿಗೆ ಭಾವಮೈದನ ಕೈಯಲ್ಲಿದ್ದ ಮೊಬೈಲು ತಾನಾಗಿಯೇ ಯಾರಿಗೋ ಕರೆ ಮಾಡಿತು.

"ಏನೇ?"

"ಇದೇ ಸದ್ದು ರೀ. ಬೆಳಿಗ್ಗೆ ಅದರ ತಲೆ ಹೋಯ್ತು ಅಂದ್ರಲ್ಲ, ಅದಕ್ಕೆ ಸ್ವಲ್ಪ ಮುಂಚೆ ಇದೇ ಸದ್ದು ಬಂತು. ನಾನು ಒಳಗಿದ್ದೆ, ಕೇಳ್ತು."

"ಬ್ರಷ್ ಅಟ್ಟದ ಮೇಲಿತ್ತಲ್ಲೇ."

"ಬ್ರಷ್ ಅಲ್ಲ, ಮೌಸು. ದಿನಾ ಮಾಡ್ತೀರಲ್ಲ, ಕತ್ತರಿಸೋಕೆ ಮುಂಚೆ. ಆ ಕಿಟಕಿ ಅಂಚಿಗೆ ಬಾಣ ತಗೊಂಡು ಹೋಗಿ ಟಕ್ ಟಕ್ ಅಂತ ಎರಡು ಒತ್ತಿ, ಉಸಿರು ಹಿಡ್ಕೊಂಡು ಕೂತ್ಕೋತೀರಿ."

"ನಾನಾ?"

"ಇನ್ಯಾರು, ನಮ್ಮಪ್ಪನಾ? ಇಷ್ಟು ವರ್ಷದಿಂದ ಮಾಡ್ತಾನೇ ಇದೀರಿ."

ಬೋರ್ಡಪ್ಪ ಬಾಯಿ ತೆರೆದ. ಆ ಬಾಯಿಯೊಳಗೆ ಕಂಪ್ಯೂಟರು, ಯಂತ್ರ, ಎರಡೂ ಹಿಡಿಸುವಷ್ಟು ಜಾಗವಿತ್ತು. ತಾನು ಮೌಸಿಗೂ ಎರಡು ತಟ್ಟುತ್ತೇನೆಂದು ಅವನಿಗೆ ಗೊತ್ತೇ ಇರಲಿಲ್ಲ. ಬ್ರಷ್ಷು ಅಟ್ಟ ಸೇರಿತ್ತು, ಮೇಷ್ಟ್ರು ಮಣ್ಣು ಸೇರಿದ್ದರು. ಕೈ ಮಾತ್ರ ಆ ಬೇಸಿಗೆಯಲ್ಲಿ ಕಲಿತದ್ದನ್ನು ಬಿಟ್ಟಿರಲಿಲ್ಲ. ಬಣ್ಣವಿಲ್ಲದ ಪರದೆಯಲ್ಲೂ ಅದು ಪ್ರತಿ ಬೋರ್ಡಿಗೂ ಮುಂಚೆ ಅಂಚು ಹುಡುಕಿ ತಟ್ಟುತ್ತಲೇ ಬಂದಿತ್ತು. ಬೇರೆ ದಿನ ಆ ತಟ್ಟು ಕತ್ತರಿಸುವ ಕಿಟಕಿಯ ಅಂಚಿಗೆ ಬೀಳುತ್ತಿತ್ತು, ಏನೂ ಆಗುತ್ತಿರಲಿಲ್ಲ. ಇವತ್ತು ಅದೇ ಜಾಗದಲ್ಲಿ ನಾಡಿ ಪೆಟ್ಟಿಗೆಯ ಅಂಚು ಬಂದು ಕೂತಿತ್ತು.

"ಅಂಚಿಗೆ ಎರಡು ತಟ್ಟಿದ್ರೆ ತಲೆ ಹೋಗತ್ತಾ?" ಭಾವಮೈದ ತಲೆ ಕೆರೆದುಕೊಂಡ. "ಅದನ್ನ ಯಾರು ತಟ್ತಾರೆ ಭಾವ? ಇಷ್ಟು ವರ್ಷ ರಿಪೇರಿ ಮಾಡ್ದೆ, ಕಿಟಕಿ ಅಂಚಿಗೆ ಯಾರೂ ತಟ್ಟಿದ್ದು ನಾನು ನೋಡಿಲ್ಲ."

"ಹಂಗಾದ್ರೆ ಇನ್ನೆರಡು ತಟ್ಟಿ ನೋಡಿ" ಎಂದಳು ಅಕ್ಕ. "ಕೆಟ್ಟ ಬೀಗಾನ ಒಂದು ಸಲ ಈ ಕಡೆ ತಿರುಗಿಸಿದ್ರೆ, ಆ ಕಡೇನೂ ತಿರುಗಿಸಿ ನೋಡ್ಬೇಕು. ನಮ್ಮಪ್ಪ ಗಿರಾಕಿಗಳಿಗೆ ಮೊದಲು ಹೇಳ್ತಿದ್ದಿದ್ದೇ ಅದು."

ಬೋರ್ಡಪ್ಪ ಬ್ರಷ್ಷನ್ನು ಡಬ್ಬಿಯ ಮೇಲೆ ಅಡ್ಡ ಇಟ್ಟು ಎದ್ದ. ಮೌಸಿನ ಮೇಲೆ ಕೈಯಿಟ್ಟ. ಕೈ ನಡುಗಿತು, ಪರದೆಯಲ್ಲಿ ಬಾಣವೂ ನಡುಗಿತು. ಆ ಮುಂಡದ ಸುತ್ತ ಒಂದು ಬೂದು ಅಂಚಿತ್ತು, ಡಬ್ಬಿಯ ಬಾಯಿಯ ಹಾಗೆ, ಬೆರಳಗಲವೂ ಇಲ್ಲದ್ದು. ಬಾಣವನ್ನು ಅದರ ಮೇಲೆ ತಂದು ನಿಲ್ಲಿಸಲು ಅವನು ಪಟ್ಟ ಪಾಡಿಗೆ ಸೂಜಿಯ ಕಣ್ಣಿನಲ್ಲಿ ಹಗ್ಗ ಪೋಣಿಸುವವರೂ ಅಯ್ಯೋ ಎನ್ನುತ್ತಿದ್ದರು. ನಿಂತಿತು.

ಟಕ್ ಟಕ್.

ತಲೆ ಬಂತು. ಹೆಸರಿನ ಅಡ್ಡಪಟ್ಟಿ, ಸಾಲಾಗಿ ಚೀಟಿಗಳು, ಮುಚ್ಚುವ ಗುಂಡಿ, ಎಲ್ಲ ಏನೂ ಆಗಿಯೇ ಇಲ್ಲವೆಂಬಂತೆ ತಮ್ಮ ತಮ್ಮ ಜಾಗದಲ್ಲಿ ಕೂತವು. ಬೋರ್ಡಪ್ಪ ಚೀಟಿ ಒತ್ತಿದ. ಕಪ್ಪು ಹಲಗೆಯ ಮೇಲೆ ಹಸಿರು ಗೆರೆ ಒಮ್ಮೆ ಬೆಟ್ಟ ಹತ್ತಿ, ಇಳಿದು, ಚಾಪೆ ಹಾಸಿತು.

ಕತ್ತರಿಯಣ್ಣ ಚಪ್ಪಾಳೆ ತಟ್ಟಿದ. ಭಾವಮೈದ ಮಾತ್ರ ನಂಬದೆ, "ಸ್ವಲ್ಪ ಸರೀರಿ ಭಾವ" ಎಂದು ತಾನೇ ಅಂಚಿಗೆ ಎರಡು ತಟ್ಟಿದ. ತಲೆ ಹೋಯಿತು. ಮತ್ತೆರಡು ತಟ್ಟಿದ. ಬಂತು. "ಅಕ್ಕಾ, ನೋಡೇ, ಹೋಯ್ತು! ನೋಡು, ಬಂತು!" ಮೀಸೆ ಬಾರದ ಕಾಲಕ್ಕೆ ಹೋಗಿಬಿಟ್ಟಿದ್ದ ಅವನು. ಕೊನೆಗೆ ಅಕ್ಕ ಸೂಜಿ ತೋರಿಸಿದ ಮೇಲೆಯೇ ಮೌಸು ಬಿಟ್ಟದ್ದು.

ಬೋರ್ಡಪ್ಪ ನಾಡಿ ಪೆಟ್ಟಿಗೆಯನ್ನು ಎಳೆದು ಅದರ ಹಳೆಯ ಮೂಲೆಗೆ ಕಳಿಸಿದ. ಗೆರೆ ಮಲಗಿದ್ದು ನೋಡಿ ಅಪ್ಪಣೆ ಕೊಟ್ಟ. ಕೊಡುವ ಮುಂಚೆ ಎರಡು ತಟ್ಟಿದ, ಈ ಸಲ ಗೊತ್ತಿದ್ದೇ, ಕತ್ತರಿಸುವ ಕಿಟಕಿಯ ಅಂಚಿಗೆ. ಚಾಕು ಕಿರ್ರ್ ಎಂದು ಹೊರಟಿತು. ನಿಲ್ಲಲಿಲ್ಲ. ಮೊದಲ ಅಕ್ಷರದ ಹೊಟ್ಟೆ ಸುತ್ತಿ, ಬಾಲ ಎಳೆದು, ಎರಡನೆಯದಕ್ಕೆ ನೆಗೆದು, ಇಡೀ ಸಾಲು ಮುಗಿಸಿ ತನ್ನ ಮನೆಗೆ ವಾಪಸು ಬಂತು. ಹೆಂಡತಿ ಸೂಜಿಯಿಂದ ಬೇಡದ್ದನ್ನೆಲ್ಲ ಎಬ್ಬಿಸಿ ತೆಗೆದಳು. ಇಬ್ಬರೂ ಎರಡು ತುದಿ ಹಿಡಿದು, ಬಿಳಿ ತಗಡಿನ ಮೇಲೆ ಅಕ್ಷರಗಳನ್ನು ಇಳಿಸಿ, ಬಟ್ಟೆಯಿಂದ ಒತ್ತಿ ಒರೆಸಿದರು. ಅಕ್ಷರಗಳನ್ನು ಹಿಡಿದಿಟ್ಟಿದ್ದ ಮೇಲಿನ ಅಂಟುಕಾಗದ ಸುಲಿದಾಗ ಮೇಷ್ಟ್ರ ಅಕ್ಷರಗಳು ಹೊಟ್ಟೆ ತುಂಬ ಉಂಡು ಕೂತಿದ್ದವು.

ಕತ್ತರಿಯಣ್ಣ ದೂರ ನಿಂತು ನೋಡಿದ, ಹತ್ತಿರ ಬಂದು ನೋಡಿದ. "ಅದೇ ಕಣೋ" ಎಂದ. ಆಮೇಲೆ ಮುರಿದ ತಗಡಿನ ಕಡೆ ಕೈ ತೋರಿಸಿ, "ಅಲ್ಲೊಂದು ಅಲೆ ಇತ್ತಲ್ಲ ಮೂಲೇಲಿ?" ಎಂದ.

ಡಬ್ಬಿಯ ಮೇಲೆ ಅಡ್ಡ ಇಟ್ಟ ಬ್ರಷ್ಷು ಇನ್ನೂ ಒದ್ದೆಯಾಗಿತ್ತು.

ಬೋರ್ಡಪ್ಪ ಮತ್ತೆ ಮಂಡಿಯೂರಿದ. ಅದ್ದಿದ, ಅಂಚಿಗೆ ಎರಡು ತಟ್ಟಿದ, ಉಸಿರು ಹಿಡಿದ. ಮಣಿಕಟ್ಟು ಹಿಡಿದುಕೊಳ್ಳಲಿಲ್ಲ. ಒಂದೇ ಉಸಿರಿಗೆ ಎಳೆದ. ಗೆರೆ ದಪ್ಪದಿಂದ ಹೊರಟು, ದಾರಿಯುದ್ದಕ್ಕೂ ನಡುಗಿ, ಸಣ್ಣ ಸಣ್ಣ ಸುರುಳಿಯಾಗಿ ತೆಳ್ಳಗಾಗುತ್ತಾ ಹೋಗಿ ಗಾಳಿಯಲ್ಲಿ ಕರಗಿತು. ಮೇಷ್ಟ್ರದು ಅಲೆ. ಇದು ಅಲೆಯಲ್ಲ.

ಅವನು ಬ್ರಷ್ಷು ಹಿಡಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಹಾಗೇ ಕೂತ. ಒರೆಸಲೆಂದು ಹೆಂಡತಿ ಬಟ್ಟೆ ಚಾಚಿದ್ದಳು. ಕತ್ತರಿಯಣ್ಣ ಆ ಬಟ್ಟೆಯನ್ನೇ ಕಿತ್ತುಕೊಂಡ.

"ಮುಟ್ಬೇಡ ತಾಯಿ! ಗುಂಗುರು ಕೂದಲು ಕಣಮ್ಮ ಅದು! ನನ್ನ ಅಂಗಡಿ ಬೋರ್ಡಿಗೆ ಇದಕ್ಕಿಂತ ಇನ್ನೇನು ಬೇಕು? ಮೇಷ್ಟ್ರು ಇದನ್ನ ಆವಾಗ್ಲೇ ಮಾಡ್ಬೇಕಿತ್ತು, ಹೊಳೀಲಿಲ್ಲ ಅಷ್ಟೆ."

ಬೋರ್ಡಪ್ಪ ನಕ್ಕ. ಆ ದಿನವಿಡೀ ನಕ್ಕಿರಲಿಲ್ಲ, ಅದನ್ನೂ ಸೇರಿಸಿ ನಕ್ಕ. ಬೀದಿಯ ಕೊನೆಯ ಮನೆಯ ಮಗು ಅಳು ನಿಲ್ಲಿಸಿ ಕಿವಿಗೊಟ್ಟಿತು.

ಭಾವಮೈದ ಬಗ್ಗಿ ಆ ಗೆರೆಯ ಫೋಟೋ ತೆಗೆದುಕೊಂಡ. "ಭಾವ, ಇದನ್ನ ಕಂಪ್ಯೂಟರ್ ಒಳಗೆ ಹಾಕ್ಬಿಡ್ಲಾ? ಇನ್ಮೇಲೆ ಎಲ್ಲಾ ಬೋರ್ಡಿಗೂ ಒತ್ತಿದ್ರೆ ಸಾಕು, ತಾನೇ ಬರತ್ತೆ."

"ಬೇಡಪ್ಪ" ಎಂದ ಬೋರ್ಡಪ್ಪ, ಡಬ್ಬಿಯ ಮುಚ್ಚಳ ಹುಡುಕುತ್ತಾ. "ನಡುಗೋದು ನಾನೇ ನಡುಗ್ತೀನಿ."

ಹೆಂಡತಿ ಬ್ರಷ್ಷನ್ನು ಟರ್ಪೆಂಟೈನಿನಲ್ಲಿ ತೊಳೆದಳು. ಬಟ್ಟೆಯಲ್ಲಿ ಸುತ್ತಲಿಲ್ಲ, ಅಟ್ಟದ ಕಡೆ ನೋಡಲೂ ಇಲ್ಲ. ಕಂಪ್ಯೂಟರಿನ ಪಕ್ಕದಲ್ಲಿದ್ದ ಖಾಲಿ ಚಹಾ ಲೋಟದೊಳಗೆ ನಿಲ್ಲಿಸಿಟ್ಟಳು.